ಸಿ.ಆರ್. ಆದೆ, ಬ್ಯಾಕ್‌ಲಾಗೂ ಬಂತು. ಕಾಲೇಜಲ್ಲಿ ಈ ಲೀಡರ್‌ಶಿಪ್ ನಿಜ್ವಾಗ್ಲೂ ಬೇಕಾ?

ಕೊರಟಗೆರೆ ಬಸ್ಸು

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕೊನೆ ತನಕ ಓದಿ ಹೇಳಿ. ನಾನು ತುಮಕೂರಲ್ಲಿ ಇಂಜಿನಿಯರಿಂಗ್ ನಾಲ್ಕನೇ ಸೆಮ್, ದಿನಾ ಕೊರಟಗೆರೆ ಕಡೆಯಿಂದ ಬಸ್ಸಲ್ಲಿ ಓಡಾಡ್ತೀನಿ. ಫಸ್ಟ್ ಇಯರಿಂದ್ಲೂ ಕ್ಲಾಸಿಗೆ ನಾನೇ ಸಿ.ಆರ್., ಅಂದ್ರೆ ಕ್ಲಾಸ್ ರೆಪ್ರೆಸೆಂಟೇಟಿವ್. ಅವತ್ತು ಯಾರಾಗ್ತೀರಾ ಅಂತ ಮೇಡಂ ಕೇಳಿದಾಗ ಎಲ್ರೂ ತಲೆ ಬಗ್ಗಿಸ್ಕೊಂಡ್ ಕೂತ್ರು, ನಂಗೆ ಆ ಸುಮ್ನಿರೋದು ತಡ್ಕೊಳಕ್ಕಾಗ್ಲಿಲ್ಲ, ಎದ್ದು ನಿಂತೆ. ಹಂಗೆ ಶುರುವಾಗಿದ್ದು.

ಈಗ ಏನಾಗಿದೆ ಅಂದ್ರೆ ಮೂರನೇ ಸೆಮ್ ಮ್ಯಾಥ್ಸ್ ಹೋಯ್ತು. ಪರೀಕ್ಷೇಲಿ ನೂರಕ್ಕೆ 35 ಬರ್ಬೇಕು, ನಂಗೆ 29. ಪಿಯುಸೀಲಿ ಮ್ಯಾಥ್ಸ್ ನನ್ ಫೇವರಿಟ್ಟು, ಅದ್ರಲ್ಲೇ ಹೋಗಿದ್ದು ಇನ್ನೂ ಹೊಟ್ಟೆ ಉರಿಯುತ್ತೆ. ಅಪ್ಪ ಬೈಲಿಲ್ಲ, ಬೈದಿದ್ರೆ ಚೆನ್ನಾಗಿರ್ತಿತ್ತು. ರಾತ್ರಿ ಊಟ ಮಾಡ್ತಾ "ಊರೋರ ದನ ಕಾಯಕ್ಕೆ ಹೋಗಿ ನಮ್ಮನೇದು ಬೇಲಿ ಹಾರ್ತು" ಅಂದ್ರು ಅಷ್ಟೇ. ಇತ್ತ ಕಾಲೇಜಲ್ಲಿ ನೋಡಿದ್ರೆ ಪ್ಲೇಸ್‌ಮೆಂಟ್ ಟ್ರೇನಿಂಗ್ ಕೊಡೋಕೆ ಬಂದಿದ್ದೋರು ಎರಡು ದಿನ ಪೂರ್ತಿ ಲೀಡರ್‌ಶಿಪ್ ಲೀಡರ್‌ಶಿಪ್ ಅಂತ್ಲೇ ಹೇಳಿದ್ರು, ಅದಿಲ್ದೆ ಲೈಫೇ ಇಲ್ಲ ಅನ್ನೋ ತರ. ಅವರ ಲೆಕ್ಕದಲ್ಲಿ ನಾನು ಲೀಡರ್ರು, ಯೂನಿವರ್ಸಿಟಿ ಲೆಕ್ಕದಲ್ಲಿ ಫೇಲು. ಯಾವ್ದು ನಂಬ್ಲಿ?

ಸಿ.ಆರ್. ಬಿಟ್ಬಿಡ್ಲಾ? ಅನುಭವ ಇರೋರು ಮನಸ್ಸಲ್ಲಿರೋದನ್ನ ಹೇಳಿ.

ಸಿರಾ ಗೇಟ್

ಬಿಟ್ಬಿಡಮ್ಮ. ನೇರವಾಗಿ ಹೇಳ್ತೀನಿ ಬೇಜಾರ್ ಮಾಡ್ಕೋಬೇಡ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರಲ್ಲಿ ಇದೀನಿ, ಎಂಟು ವರ್ಷ ಆಯ್ತು, ದಿನಾ ಬೆಳಗ್ಗೆ ತುಮಕೂರಿಂದ ಟ್ರೇನ್ ಹತ್ತೋ ಗುಂಪಲ್ಲಿ ನಾನೂ ಒಬ್ಬ. ಕ್ಯಾಂಪಸ್ಸಿಗೆ ಬರೋ ಸುಮಾರು ಕಂಪನಿಗಳು ಮೊದಲು ಮಾಡೋದೇ ಒಂದು ಎಕ್ಸೆಲ್ ಫಿಲ್ಟರ್, ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಮೂರರಲ್ಲೂ 60 ಪರ್ಸೆಂಟು, ಬ್ಯಾಕ್‌ಲಾಗ್ ಇರಬಾರದು. ಆ ಫಿಲ್ಟರಿಗೆ ನೀನು ಎಷ್ಟು ಜನರ ಕಣ್ಣೀರು ಒರೆಸಿದೀಯ ಅನ್ನೋದು ಕಾಣಲ್ಲ. ಒಳಗೆ ಹೋದ್ಮೇಲೆ ಇಂಟರ್‌ವ್ಯೂನಲ್ಲಿ ಲೀಡರ್‌ಶಿಪ್ ಬಗ್ಗೆ ಕೇಳ್ತಾರೆ ನಿಜ, ಆದ್ರೆ ಒಳಗೆ ಹೋಗ್ಬೇಕಲ್ಲ. ನಮ್ಮ ಬ್ಯಾಚಲ್ಲಿ ಫೆಸ್ಟು, ಸ್ಟೇಜು, ಮೈಕು ಅಂತ ಓಡಾಡ್ತಿದ್ದ ಹುಡುಗ ಒಬ್ಬ ಇದ್ದ, ಇಡೀ ಕಾಲೇಜಿಗೆ ಅವನ ಮುಖ ಗೊತ್ತಿತ್ತು, ಆರು ಸಬ್ಜೆಕ್ಟ್ ಉಳಿಸ್ಕೊಂಡು ಡಿಗ್ರಿ ಮುಗಿಸೋಕೆ ಏಳು ವರ್ಷ ತಗೊಂಡ. ಅವನ ತಾಯಿ ಮುಖ ನಂಗೆ ಇವತ್ತೂ ನೆನಪಿದೆ.

ಪಾವಗಡ ಬಿಸಿಲು

ಅಣ್ಣಾ ನೀವು ಹೇಳೋದು ಒಪ್ತೀನಿ, ಆದ್ರೆ ನನ್ ಕಥೆನೂ ಕೇಳಿ.

ನಮ್ಮನೇಲಿ ಮಾತಾಡೋದು ತೆಲುಗು, ಓದಿದ್ದು ಕನ್ನಡ ಮೀಡಿಯಂ, ತುಮಕೂರಿಗೆ ಬಂದು ಡಿಗ್ರಿಗೆ ಸೇರಿದಾಗ ಕ್ಲಾಸಲ್ಲಿ ಇಂಗ್ಲಿಷು. ಮೂರು ತಿಂಗಳು ನಾನು ಅಟೆಂಡೆನ್ಸ್‌ಗೆ ಎಸ್ ಸಾರ್ ಅನ್ನೋದು ಬಿಟ್ರೆ ಬಾಯಿ ಬಿಟ್ಟಿಲ್ಲ. ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕ್ಬೇಕಿತ್ತು, ನನ್ ಆಧಾರಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಒಂದು ಹೆಸರು. ಬ್ಯಾಂಕ್ ಅಕೌಂಟಿಗೆ ಆಧಾರ್ ಸೀಡಿಂಗ್ ಆಗಿಲ್ಲ ಅಂದ್ರೆ ಅಪ್ರೂವ್ ಆದ ದುಡ್ಡೂ ಬರಲ್ಲ ಅಂತಾನೇ ಗೊತ್ತಿರ್ಲಿಲ್ಲ. ಆಫೀಸಲ್ಲಿ ಕೇಳಿದ್ರೆ ನಾಳೆ ಬಾ, ನಾಡಿದ್ದು ಬಾ. ನಮ್ ಸಿ.ಆರ್. ಹುಡುಗಿ, ಹೆಸರು ಹೇಳಲ್ಲ, ಒಂದಿನ ತಾನೇ ಬಂದು ಕೇಳಿದ್ಲು ನಿಂದು ಜಾತಿ-ಆದಾಯ ಸರ್ಟಿಫಿಕೇಟಿನ ಆರ್.ಡಿ. ನಂಬರ್ ಎಲ್ಲಿ, ಲಿಸ್ಟಲ್ಲಿ ನಿನ್ ಹೆಸರು ಕಾಣ್ತಿಲ್ವಲ್ಲ ಅಂತ. ಆಮೇಲೆ ಅವಳೇ ನನ್ ಜೊತೆ ಬ್ಯಾಂಕಿಗೆ ಬಂದ್ಲು, ಕೌಂಟರಲ್ಲಿ ಮಾತಾಡಿದ್ಲು, ನಾನು ಪಕ್ಕದಲ್ಲಿ ನಿಂತಿದ್ದೆ. ಆಧಾರ್ ತಿದ್ದುಪಡಿಗೆ ಎಲ್ಲಿಗೆ ಹೋಗ್ಬೇಕು ಅಂತ ಬರ್ದು ಕೊಟ್ಲು.

ಆ ದುಡ್ಡು ಬರದೇ ಇದ್ದಿದ್ರೆ ನಾನು ಎರಡನೇ ವರ್ಷಕ್ಕೆ ಫೀಸ್ ಕಟ್ತಿರ್ಲಿಲ್ಲ, ಊರಿಗೆ ವಾಪಸ್ ಹೋಗಿ ಸೋಲಾರ್ ಪಾರ್ಕಲ್ಲಿ ಪ್ಯಾನಲ್ ತೊಳೆಯೋ ಕೆಲ್ಸಕ್ಕೆ ಸೇರ್ಕೊತಿದ್ದೆ. ಆ ಕೆಲ್ಸ ಕೀಳು ಅಂತ ಹೇಳ್ತಿಲ್ಲ, ನಮ್ಮಣ್ಣ ಅದೇ ಮಾಡ್ತಿದಾನೆ. ಆದ್ರೆ ನಾನು ಓದ್ಬೇಕು ಅಂತ ಬಂದಿದ್ದೆ. ಈಗ ಎಂ.ಎಸ್ಸಿ ಮಾಡ್ತಿದೀನಿ.

ಅವಳಿಗೆ ಆ ಲೀಡರ್‌ಶಿಪ್ಪಿಂದ ಏನು ಸಿಕ್ತೋ ನಂಗೆ ಗೊತ್ತಿಲ್ಲ. ನಂಗೆ ಮಾತ್ರ ಕಾಲೇಜು ಉಳೀತು. ಲೀಡರ್‌ಶಿಪ್ ಬೇಕಾ ಅಂತ ಕೇಳೋವಾಗ ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಸಿರಾ ಗೇಟ್

ಓದಿ ಮನಸ್ಸು ತುಂಬಿ ಬಂತು ತಮ್ಮ. ಆದ್ರೂ ನಾನು ಕೇಳೋದು ಇಷ್ಟೇ, ಅದು ಆಫೀಸಿನೋರು ಮಾಡ್ಬೇಕಾದ ಕೆಲ್ಸ ಅಲ್ವಾ? ಹತ್ತೊಂಬತ್ತು ವರ್ಷದ ಹುಡುಗಿ ತನ್ನ ಓದು ಬಿಟ್ಟು ಯಾಕೆ ಮಾಡ್ಬೇಕು?

ಹಳೇ ಮೇಷ್ಟ್ರು

ನಾನು ಈ ಜಿಲ್ಲೆಯ ಕಾಲೇಜುಗಳಲ್ಲೇ ಪಾಠ ಮಾಡಿ ರಿಟೈರ್ ಆದೋನು, ಹಂಗಾಗಿ ಎರಡು ಮಾತು ಹೇಳ್ಬೇಕು ಅನ್ನಿಸ್ತು. ಮೊದಲನೇದು ತಪ್ಪೊಪ್ಪಿಗೆ ಅಂತಾನೇ ತಿಳ್ಕೊಳ್ಳಿ. ನಾವು ಮೇಷ್ಟ್ರುಗಳು ಸಿ.ಆರ್. ಅಂದ್ರೆ ಸಂಬಳ ಇಲ್ಲದ ಅಟೆಂಡರ್ ತರ ಬಳಸ್ಕೊಂಡಿದ್ದು ಉಂಟು. ರೆಕಾರ್ಡ್ ಬುಕ್ಕು ಕಲೆಕ್ಟ್ ಮಾಡು, ಜೆರಾಕ್ಸ್ ತರ್ಸು, ಪ್ರೊಜೆಕ್ಟರ್ ಕೀ ತಗೊಂಬಾ, ಇಂಟರ್ನಲ್ಸ್ ಡೇಟ್ ಎಲ್ರಿಗೂ ಹೇಳು. ಇದ್ರಲ್ಲಿ ಯಾವ ನಾಯಕತ್ವನೂ ಇಲ್ಲ, ಓಡಾಟ ಅಷ್ಟೇ. ಮಗು ನೀನು ಮೊದಲು ಒಂದು ಹಾಳೇಲಿ ವಾರದಲ್ಲಿ ಏನೇನ್ ಮಾಡ್ತೀಯ ಅಂತ ಬರ್ದು ನೋಡು, ಅದ್ರಲ್ಲಿ ನಿಜವಾಗಿ ನೀನೇ ನಿರ್ಧಾರ ತಗೋಬೇಕಾಗಿ ಬಂದಿದ್ದು ಎಷ್ಟು, ಯಾರೋ ಹೇಳಿದ್ದನ್ನ ಇನ್ಯಾರಿಗೋ ಮುಟ್ಟಿಸಿದ್ದು ಎಷ್ಟು ಅಂತ.

ಎರಡನೇದು. ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂವತ್ತು ವರ್ಷದ ಮೇಲಾಯ್ತು. ಗಲಾಟೆ ಆಗ್ತಿತ್ತು, ಚಾಕು ಚೈನು ಬರ್ತಿತ್ತು, ನಿಲ್ಲಿಸಿದ್ದಕ್ಕೆ ಕಾರಣ ಇತ್ತು. ಆದ್ರೆ ಅದ್ರ ಜೊತೆ ಒಂದು ಒಳ್ಳೇದೂ ಹೋಯ್ತು, ಹುಡುಗ್ರು ತಮ್ಮ ಪ್ರತಿನಿಧೀನ ತಾವೇ ಆರಿಸೋದು, ಕೆಲ್ಸ ಮಾಡ್ಲಿಲ್ಲ ಅಂದ್ರೆ ಮುಂದಿನ ಸಲ ಇಳಿಸೋದು. 2006ರಲ್ಲಿ ಲಿಂಗ್ಡೋ ಸಮಿತಿ ವರದಿ ಬಂತು, ಸುಪ್ರೀಂ ಕೋರ್ಟು ಅದನ್ನ ಪಾಲಿಸಿ ಅಂತಾನೂ ಹೇಳ್ತು. ಅದ್ರಲ್ಲಿ ಕಾಲೇಜು ಚುನಾವಣೆಗೆ ನಿಲ್ಲೋ ಹುಡುಗನಿಗೆ ಏನೇನ್ ಷರತ್ತು ಹಾಕಿದಾರೆ ನೋಡಿ, 75 ಪರ್ಸೆಂಟ್ ಹಾಜರಿ ಇರ್ಬೇಕು, ನಿಲ್ಲೋ ವರ್ಷ ಯಾವ ಸಬ್ಜೆಕ್ಟೂ ಬಾಕಿ ಇರಬಾರದು, ಖರ್ಚು 5000 ರೂಪಾಯಿ ದಾಟಬಾರದು. ಒಬ್ಬ ಒಂದೇ ಸಲ ಪದಾಧಿಕಾರಿ ಆಗ್ಬೋದು. ಈ ಕೊನೇದನ್ನ ಗಮನಿಸಿ. ಒಂದೇ ಸಲ! ನೀನು ಎರಡು ವರ್ಷದಿಂದ ನೀನೇ ಅಂತೀಯಲ್ಲ, ಅಲ್ಲೇ ತಪ್ಪಿರೋದು. ನೀನು ಕೆಟ್ಟ ಲೀಡರ್ರು ಅಂತಲ್ಲ, ಕ್ಲಾಸಲ್ಲಿ ಬೇರೆ ಯಾರಿಗೂ ಆ ಜಾಗದಲ್ಲಿ ನಿಂತು ನೋಡೋ ಅವಕಾಶಾನೇ ಬರ್ಲಿಲ್ಲ.

ಕೊರಟಗೆರೆ ಬಸ್ಸು

ಸರ್ ನೀವು ಹೇಳಿದ್ಮೇಲೆ ಕೂತು ಬರ್ದೆ. ಹೋದ ವಾರ ನೆನಪಿರೋಷ್ಟು: ಲ್ಯಾಬ್ ರೆಕಾರ್ಡು ಎರಡು ಸಲ ಹೊತ್ಕೊಂಡ್ ಹೋಗಿದ್ದು. ವಾಟ್ಸಾಪ್ ಗ್ರೂಪಲ್ಲಿ ನಾಳೆ ಕ್ಲಾಸ್ ಇದ್ಯಾ ಅಂತ ಕೇಳಿದೋರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಕೊಟ್ಟಿದ್ದು, ರಾತ್ರಿ ಹನ್ನೊಂದರ ತನಕ. ಇಂಟರ್ನಲ್ಸು ಎರಡು ಒಂದೇ ದಿನ ಬಂದಿತ್ತು, ಅದನ್ನ ಬದಲಾಯ್ಸಿ ಅಂತ ನಮ್ ವಿಭಾಗದ ಮುಖ್ಯಸ್ಥರು ಎಚ್‌ಒಡಿ ಹತ್ರ ಹೋಗಿದ್ದು, ಒಪ್ಪಿದ್ರು. ಬೆಳಗ್ಗೆ ಬಸ್ಸಲ್ಲಿ ಜಾಗ ಇರಲ್ಲ, ಬಾಗಿಲಲ್ಲಿ ನೇತಾಡ್ಕೊಂಡ್ ಬರ್ಬೇಕು, ಇನ್ನೊಂದು ಬಸ್ ಬಿಡಿ ಅಂತ ಅರ್ಜಿ ಬರ್ದು 43 ಜನರ ಸೈನ್ ಹಾಕ್ಸಿದ್ದು. ಒಬ್ಬಳ ತಂದೆಗೆ ಹುಷಾರಿರ್ಲಿಲ್ಲ, ಅವಳ ಅಟೆಂಡೆನ್ಸ್ 85ಕ್ಕಿಂತ ಕಮ್ಮಿ ಆಗಿದೆ, ಮೆಡಿಕಲ್ ಸರ್ಟಿಫಿಕೇಟ್ ಯಾರಿಗೆ ಕೊಡ್ಬೇಕು ಅಂತ ಓಡಾಡಿದ್ದು. ಜೆರಾಕ್ಸ್. ಜೆರಾಕ್ಸ್. ಜೆರಾಕ್ಸ್.

ಇದ್ರಲ್ಲಿ ನಿಜವಾಗ್ಲೂ ನಾನೇ ಬೇಕಿದ್ದಿದ್ದು ಎಚ್‌ಒಡಿ ಹತ್ರ ಮಾತಾಡಿದ್ದು, ಬಸ್ ಅರ್ಜಿ, ಆ ಹುಡುಗಿ ವಿಷ್ಯ. ಮೂರೇ. ಉಳಿದಿದ್ದಕ್ಕೆ ಹದಿನಾಲ್ಕು ಗಂಟೆ ಹೋಗಿದೆ, ಲೆಕ್ಕ ಹಾಕಿ ನಂಗೇ ಗಾಬರಿ ಆಯ್ತು.

ವಸಂತನರಸಾಪುರ ಶಿಫ್ಟ್

ಈ ಚರ್ಚೆ ಬೆಳಗ್ಗೆಯಿಂದ ನೋಡ್ತಿದೀನಿ, ಶಿಫ್ಟ್ ಮುಗಿಸಿ ಬರೀತಿದೀನಿ. ನಾನು ಇಲ್ಲೇ ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪ್ರೊಡಕ್ಷನ್ ಸೂಪರ್‌ವೈಸರು. ಡಿಪ್ಲೊಮಾ ಮತ್ತೆ ಬಿ.ಇ. ಮುಗ್ಸಿದ ಟ್ರೇನಿಗಳು ವರ್ಷಾ ವರ್ಷ ಬರ್ತಾರೆ ನಮ್ಮತ್ರ. ರೆಸ್ಯೂಮೇಲಿ ಎಲ್ರೂ ಗುಡ್ ಲೀಡರ್‌ಶಿಪ್ ಸ್ಕಿಲ್ಸ್ ಅಂತ ಹಾಕಿರ್ತಾರೆ, ನಾನು ಅದನ್ನ ಓದೋದೇ ಇಲ್ಲ. ನಾನು ನೋಡೋದು ಶಿಫ್ಟ್ ಚೇಂಜ್ ಟೈಮಲ್ಲಿ. ಎಂಟು ಗಂಟೆ ಕೆಲ್ಸ ಮಾಡಿ ಸುಸ್ತಾಗಿರ್ತಾನೆ, ಹೊರಗಡೆ ಕಂಪನಿ ಬಸ್ಸು ಹಾರ್ನ್ ಹೊಡೀತಿರುತ್ತೆ, ಆಗ ಮುಂದಿನ ಶಿಫ್ಟಿನೋನಿಗೆ ಎರಡನೇ ಮಷೀನಲ್ಲಿ ಸೌಂಡ್ ಬರ್ತಿದೆ ಸ್ವಲ್ಪ ನೋಡ್ಕೋ, ಆ ಟ್ರೇಯಲ್ಲಿರೋ ಪೀಸು ಚೆಕ್ ಆಗಿಲ್ಲ ಬೇರೆ ಇಟ್ಟಿದೀನಿ ಅಂತ ಹೇಳಿ ಲಾಗ್ ಬುಕ್ಕಲ್ಲಿ ಬರ್ದು ಹೋಗೋನು ಯಾರು, ಸುಮ್ನೆ ಬ್ಯಾಗ್ ತಗೊಂಡ್ ಓಡೋನು ಯಾರು. ಬರ್ದು ಹೋಗೋನು ಎರಡು ವರ್ಷದಲ್ಲಿ ಲೈನ್ ಲೀಡರ್ ಆಗ್ತಾನೆ. ಓಡೋನೂ ಕೆಟ್ಟೋನಲ್ಲ, ಆದ್ರೆ ಅವನ ಕೈಗೆ ನಾನು ಲೈನ್ ಕೊಟ್ಟು ಮನೆಗೆ ಹೋಗಿ ನಿದ್ದೆ ಮಾಡಕ್ಕಾಗಲ್ಲ.

ಈ ಗುಣ ಕಾಲೇಜಲ್ಲಿ ಬರುತ್ತಾ ಅಂದ್ರೆ ಬರುತ್ತೆ. ಪ್ರಾಜೆಕ್ಟ್ ಗ್ರೂಪಲ್ಲಿ ನಾಲ್ಕು ಜನ ಇದ್ದು ಒಬ್ಬನೇ ಮಾಡಿ ನಾಲ್ಕು ಜನಾನೂ ಮಾರ್ಕ್ಸ್ ತಗೊಳ್ತಾರಲ್ಲ, ಅಲ್ಲಿ ಮೂರು ಜನ ಏನೂ ಕಲೀಲಿಲ್ಲ, ಆ ಒಬ್ಬನೂ ಕಲೀಲಿಲ್ಲ. ಅವನು ಕೆಲ್ಸ ಕಲ್ತ, ಕೆಲ್ಸ ಹಂಚೋದು ಕಲೀಲಿಲ್ಲ. ಅಂಥೋರು ನಮ್ಮಲ್ಲಿ ಬಂದು ಒದ್ದಾಡ್ತಾರೆ, ತಾನೇ ಮಾಡ್ತೀನಿ ತಾನೇ ಮಾಡ್ತೀನಿ ಅಂತ ಡಬಲ್ ಶಿಫ್ಟ್ ನಿಂತು ಆರೋಗ್ಯ ಕೆಡಿಸ್ಕೊಂಡೋರನ್ನ ನೋಡಿದೀನಿ. ತಂಗಿ ನಿನ್ನ ಪೋಸ್ಟ್ ಓದಿದಾಗ ನಂಗೆ ಅವರೇ ನೆನಪಾಗಿದ್ದು.

ಗುಬ್ಬಿ ಸಂಘದ ಮಗಳು

ಮೇಲಿನೋರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮಮ್ಮ ಊರಲ್ಲಿ ಸ್ತ್ರೀಶಕ್ತಿ ಸಂಘದಲ್ಲಿದ್ದಾರೆ, ಹದಿನೈದು ಜನ ಹೆಂಗಸರು, ನಾನು ಹೈಸ್ಕೂಲಿಂದ ಅವರ ಲೆಕ್ಕದ ಪುಸ್ತಕ ಬರೀತಾ ಬಂದೋಳು, ಹಂಗಾಗಿ ಹೇಳ್ತೀನಿ. ಬ್ಯಾಂಕಲ್ಲಿ ಸಂಘದ ಖಾತೆಯಿಂದ ದುಡ್ಡು ತೆಗೀಬೇಕು ಅಂದ್ರೆ ಇಬ್ಬರ ಸಹಿ ಬೇಕು, ಒಬ್ಬರ ಸಹಿಗೆ ಬರಲ್ಲ. ಚಿಕ್ಕೋಳಿದ್ದಾಗ ನಂಗೆ ಇದು ತಲೆನೋವು ಅನ್ನಿಸ್ತಿತ್ತು, ಅಮ್ಮಂಗೆ ಪುರುಸೊತ್ತಿದ್ರೆ ಇನ್ನೊಬ್ರು ಹೊಲದಲ್ಲಿರೋರು, ಅವರು ಬರೋ ತನಕ ಕಾಯೋದು. ಆಮೇಲೆ ಒಂದು ಸಲ ಅಮ್ಮ ಆಪರೇಷನ್ ಆಗಿ ತುಮಕೂರಲ್ಲಿ ಆಸ್ಪತ್ರೇಲಿದ್ರು ಎರಡು ವಾರ. ಸಂಘ ಒಂದಿನಾನೂ ನಿಲ್ಲಲಿಲ್ಲ. ವಾರದ ಸಭೆ ಆಯ್ತು, ಉಳಿತಾಯ ಕಟ್ಟಿದ್ರು, ಒಬ್ಬರಿಗೆ ಹಸು ಸಾಲನೂ ಕೊಟ್ರು. ಪುಸ್ತಕ ನಾನು ನೋಡ್ದೆ, ಒಂದು ರೂಪಾಯಿ ಹೆಚ್ಚುಕಮ್ಮಿ ಇಲ್ಲ. ಅಮ್ಮ ಮನೆಗೆ ಬಂದು ಅದನ್ನ ನೋಡಿ ಎಷ್ಟು ಖುಷಿ ಪಟ್ರು ಅಂದ್ರೆ, ನಾನಿಲ್ದೇನೂ ನಡೀತು ನೋಡು ಅಂತ ಬಂದೋರಿಗೆಲ್ಲ ಹೇಳ್ಕೊಂಡ್ರು.

ಅಕ್ಕಾ ನೀನು ಎರಡು ವಾರ ರಜಾ ಹಾಕಿದ್ರೆ ನಿನ್ ಕ್ಲಾಸ್ ನಡೆಯುತ್ತಾ? ಅದನ್ನ ಯೋಚ್ನೆ ಮಾಡು.

ಕೊರಟಗೆರೆ ಬಸ್ಸು

ನಡೆಯಲ್ಲ. ಒಂದಿನ ಜ್ವರ ಬಂದು ಮಲಗಿದ್ದೆ, 61 ಮೆಸೇಜ್ ಬಂದಿತ್ತು.

ಮಧುಗಿರಿ ಅಪ್ಪ

ನಾನು ನಿಮ್ಮಪ್ಪನ ವಯಸ್ಸಿನೋನಮ್ಮ, ಅವರ ಕಡೆಯಿಂದ ಸ್ವಲ್ಪ ಹೇಳ್ತೀನಿ. ನನ್ನ ಮಗನೂ ತುಮಕೂರಲ್ಲೇ ಓದ್ತಿದಾನೆ. ಫೀಸು, ಹಾಸ್ಟೆಲ್ಲು, ಬುಕ್ಕು ಅಂತ ಕಡಲೇಕಾಯಿ ದುಡ್ಡು ಬಂದಂಗೇ ಹೋಗುತ್ತೆ, ಮಳೆ ಕೈಕೊಟ್ಟ ವರ್ಷ ಸಾಲ. ನಮಗೆ ಕಾಲೇಜಿಂದ ಮನೆಗೆ ಬರೋದು ಒಂದೇ ಒಂದು ಕಾಗದ, ಮಾರ್ಕ್ಸ್ ಕಾರ್ಡು. ನೀನು 43 ಜನರ ಸಹಿ ಹಾಕ್ಸಿದ್ದು ನಿಮ್ಮಪ್ಪಂಗೆ ಗೊತ್ತಾ? ಎಚ್‌ಒಡಿ ಹತ್ರ ಹೋಗಿ ಪರೀಕ್ಷೆ ಮುಂದಕ್ಕೆ ಹಾಕ್ಸಿದ್ದು ಗೊತ್ತಾ? ಹೇಳಿರಲ್ಲ ನೀನು. ಹೇಳಮ್ಮ. ಬೇಲಿ ಹಾರಿದ್ದು ಮಾತ್ರ ಕಾಣ್ಸಿದೆ ಅವರಿಗೆ. ಮ್ಯಾಥ್ಸ್ ಪಾಸ್ ಮಾಡು, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಮನೇಲಿ ಕೂತು ಮಾತಾಡು.

ಮಠದ ಹಳೇ ಹುಡುಗ

ನಾನು ಓದಿದ್ದು ಸಿದ್ಧಗಂಗಾ ಮಠದಲ್ಲಿ, ಐದನೇ ಕ್ಲಾಸಿಂದ ಪಿಯುಸಿ ತನಕ ಅಲ್ಲೇ ಊಟ ಅಲ್ಲೇ ನಿದ್ದೆ. ಹೊರಗಿನೋರಿಗೆ ಮಠ ಅಂದ್ರೆ ದಾಸೋಹ, ಜಾತ್ರೆ, ಸಂಜೆ ಸಾವಿರಾರು ಮಕ್ಕಳು ಒಟ್ಟಿಗೆ ಕೂತು ಮಾಡೋ ಪ್ರಾರ್ಥನೆ. ಹತ್ತು ಸಾವಿರದ ಹತ್ತತ್ರ ಮಕ್ಕಳು ಒಂದು ಜಾಗದಲ್ಲಿ, ಅಷ್ಟೂ ಜನಕ್ಕೆ ದೊಡ್ಡೋರೇ ನಿಂತು ಎಲ್ಲಾ ಹೇಳಿ ಮಾಡಿಸ್ತಾರೆ ಅಂದ್ರೆ ಆಗೋ ಮಾತಲ್ಲ. ದೊಡ್ಡ ಹುಡುಗ್ರು ಚಿಕ್ಕೋರನ್ನ ನೋಡ್ಕೋಬೇಕು, ಅಷ್ಟೇ. ನಾನು ಐದನೇ ಕ್ಲಾಸಲ್ಲಿ ಬಂದಾಗ ರಾತ್ರಿ ಅಮ್ಮನ್ನ ನೆನೆಸ್ಕೊಂಡು ಅಳ್ತಿದ್ದೆ, ಒಂಬತ್ತನೇ ಕ್ಲಾಸಿನ ಅಣ್ಣ ಒಬ್ಬ ಪಕ್ಕದಲ್ಲಿ ಚಾಪೆ ಹಾಕ್ಕೊಂಡು ಮಲಗ್ತಿದ್ದ, ಬೆಳಗ್ಗೆ ಕತ್ತಲಲ್ಲೇ ಎಬ್ಬಿಸಿ ಸ್ನಾನಕ್ಕೆ ಕರ್ಕೊಂಡ್ ಹೋಗ್ತಿದ್ದ. ಅವನಿಗೆ ಯಾರೂ ಬ್ಯಾಡ್ಜ್ ಕೊಟ್ಟಿರ್ಲಿಲ್ಲ. ನಾನು ಒಂಬತ್ತಕ್ಕೆ ಬಂದಾಗ ನಂಗೂ ಯಾರೂ ಹೇಳ್ಲಿಲ್ಲ, ಹೊಸ ಹುಡುಗ ಅಳ್ತಿದ್ದ, ನನ್ ಚಾಪೆ ತಾನಾಗೇ ಆ ಕಡೆ ಹೋಯ್ತು.

ದೊಡ್ಡ ಸ್ವಾಮೀಜಿಯವರನ್ನ ನಾನು ಹತ್ತಿರದಿಂದ ನೋಡಿದೀನಿ, ಆಗ್ಲೇ ನೂರು ದಾಟಿತ್ತು ಅವರಿಗೆ. 2019 ಜನವರಿ 21ಕ್ಕೆ ಅವರು ಲಿಂಗೈಕ್ಯರಾದಾಗ ನಾನು ಡಿಗ್ರೀಲಿದ್ದೆ, ದರ್ಶನಕ್ಕೆ ಬಂದ ಜನ ಎಷ್ಟು ಅಂತ ಹೇಳಕ್ಕಾಗಲ್ಲ, ನಾವು ಹಳೇ ಹುಡುಗ್ರು ಯಾರೂ ಕರೀದೇನೇ ಹೋಗಿ ನೀರು ಕೊಡೋದು, ಸಾಲು ನಿಲ್ಸೋದು ಮಾಡಿದ್ವಿ. ಯಾರ್ ಎಲ್ಲಿ ನಿಲ್ಬೇಕು ಅಂತ ಜಗಳಾನೇ ಆಗ್ಲಿಲ್ಲ, ಎಲ್ರಿಗೂ ಗೊತ್ತಿತ್ತು.

ಡಿಗ್ರೀಲಿ ಇದ್ರಿಂದ ನಂಗೆ ಏನ್ ಉಪಯೋಗ ಆಯ್ತು ಅಂದ್ರೆ, ಒಬ್ಬನೇ ಓದೋ ಅಭ್ಯಾಸಾನೇ ಇರ್ಲಿಲ್ಲ, ರೂಮಲ್ಲಿ ಆರು ಜನ ಸೇರ್ಕೊಂಡು ಅಕೌಂಟೆನ್ಸಿ ಮಾಡ್ತಿದ್ವಿ, ಗೊತ್ತಿರೋನು ಗೊತ್ತಿಲ್ದೋನಿಗೆ ಹೇಳ್ಕೊಡೋದು. ಹೇಳ್ಕೊಡ್ತಾ ಹೇಳ್ಕೊಡ್ತಾ ನಂಗೇ ಗಟ್ಟಿ ಆಯ್ತು. ಆರೂ ಜನ ಪಾಸು.

ಸಿರಾ ಗೇಟ್

ಇದು ನಂಗೆ ಒಪ್ಪಿಗೆ. ಓದೋದ್ರಲ್ಲೇ ಲೀಡರ್ ಆಗೋದು. ನನ್ನ ವಿರೋಧ ಇರೋದು ಓದು ಬಿಟ್ಟು ಮಾಡೋದಕ್ಕೆ.

ಇನ್ನೊಂದು, ವಿಟಿಯು, ಅಂದ್ರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿ ಇರೋರಿಗೆ ಗೊತ್ತಿರ್ಬೋದು, ಡಿಗ್ರಿ ಕೈಗೆ ಬರ್ಬೇಕು ಅಂದ್ರೆ 100 ಆಕ್ಟಿವಿಟಿ ಪಾಯಿಂಟ್ ಬೇಕು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದೋರಿಗೆ 75. ಸಮಾಜದ ಕೆಲ್ಸ ಮಾಡಿ ಅಂತ ಅದನ್ನ ಇಟ್ಟಿರೋದು, ಒಳ್ಳೆ ಉದ್ದೇಶ. ಸುಮಾರು ಹುಡುಗ್ರು ಒಂದು ಗಿಡ ನೆಟ್ಟು ಐದು ಫೋಟೋ ತೆಗ್ದು ರಿಪೋರ್ಟ್ ಕೊಡ್ತಾರೆ, ಆ ಗಿಡಕ್ಕೆ ಆಮೇಲೆ ನೀರು ಹಾಕೋರಿಲ್ಲ. ಅದ್ರ ಬದಲು ನೀನು ಮಾಡ್ತಿರೋ ಸ್ಕಾಲರ್‌ಶಿಪ್ ಹೆಲ್ಪು, ಬಸ್ ಅರ್ಜಿ, ಇವನ್ನ ನಿಮ್ಮ ಊರಿನ ಜನಕ್ಕೂ ಮಾಡಿ ಅದ್ರಲ್ಲೇ ಪಾಯಿಂಟ್ ಸಿಗುತ್ತಾ ಅಂತ ನಿಮ್ ಮೆಂಟರನ್ನ ಕೇಳು. ಮಾಡೋ ಕೆಲ್ಸ ಲೆಕ್ಕಕ್ಕಾದ್ರೂ ಬರ್ಲಿ.

ತಿಪಟೂರು ತೆಂಗು

ಎನ್‌ಎಸ್‌ಎಸ್, ಅದೇ ರಾಷ್ಟ್ರೀಯ ಸೇವಾ ಯೋಜನೆ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. 1969ರಿಂದ ಇದೆ, ಎರಡು ವರ್ಷದಲ್ಲಿ 240 ಗಂಟೆ ಸೇವೆ, ಒಂದು ಏಳು ದಿನದ ಕ್ಯಾಂಪು. ನಾನು ಹೋಗಿದ್ದ ಕ್ಯಾಂಪಲ್ಲಿ ಮೊದಲ್ನೇ ದಿನ ಮೈಕಲ್ಲಿ ಜೋರಾಗಿ ಮಾತಾಡ್ತಿದ್ದ ಸೀನಿಯರೇ ಲೀಡರ್ರು ಅಂತ ಎಲ್ರೂ ಅನ್ಕೊಂಡಿದ್ವಿ. ಮೂರನೇ ದಿನ ಕಲ್ಯಾಣಿ ಹೂಳೆತ್ತೋವಾಗ ಊರಿನ ಎರಡು ಗುಂಪಿನ ಮಧ್ಯೆ ಮಾತಿಗೆ ಮಾತು ಬೆಳೀತು, ನಮ್ಮ ದೇವಸ್ಥಾನದ ಕಲ್ಲು ಮುಟ್ಬೇಡಿ ಅಂತ. ಆ ಸೀನಿಯರ್ ಕಾಣ್ಲೇ ಇಲ್ಲ. ಯಾವತ್ತೂ ಮಾತಾಡ್ದೇ ಇರೋ ಹುಡುಗಿ ಒಬ್ಳು ಅಲ್ಲಿನ ಅಜ್ಜಿ ಒಬ್ಬರ ಪಕ್ಕ ಕೂತು ಮೊದಲು ಈ ಕಲ್ಯಾಣಿ ಹೆಂಗಿತ್ತಜ್ಜಿ, ನೀರು ಎಲ್ಲಿ ತನಕ ಇರ್ತಿತ್ತು ಅಂತ ಕೇಳಿದ್ಲು. ಅಜ್ಜಿ ಹೇಳಕ್ಕೆ ಶುರು ಮಾಡಿದ್ರು, ಸುತ್ತ ನಿಂತಿದ್ದೋರು ತಾವೂ ಸೇರ್ಸಕ್ಕೆ ಶುರು ಮಾಡಿದ್ರು, ಅರ್ಧ ಗಂಟೆಗೆ ಊರೋರೇ ಗುದ್ದಲಿ ಹಿಡ್ಕೊಂಡ್ರು. ಅವಳು ಆಮೇಲೆ ಓದಿ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆದ್ಲು, ಆಗ್ಲೇ ಬೇಕಿತ್ತು.

ಗೌರಿಬಿದನೂರು

ನಾವು ಪಕ್ಕದ ಜಿಲ್ಲೆಯೋರು, ಬರೀಬೋದು ಅನ್ಕೋತೀನಿ. ನಮ್ ತಾಲ್ಲೂಕಿನ ಹೊಸೂರಲ್ಲಿ ಹುಟ್ಟಿದೋರು ಡಾ. ಎಚ್. ನರಸಿಂಹಯ್ಯ, 1920ರಲ್ಲಿ. ಬಡವರ ಮನೆ, ಓದ್ಬೇಕು ಅಂತ ಬೆಂಗಳೂರಿಗೆ ನಡ್ಕೊಂಡೇ ಹೋದೋರು. 1942ರ ಚಳವಳೀಲಿ ಓದು ಬಿಟ್ಟು ಜೈಲಿಗೆ ಹೋದ್ರು, ಆಮೇಲೆ ಫಿಸಿಕ್ಸ್ ಮೇಷ್ಟ್ರಾದ್ರು, ಅಮೆರಿಕಾಕ್ಕೆ ಹೋಗಿ ಪಿಎಚ್‌ಡಿ ಮಾಡ್ಕೊಂಡ್ ಬಂದ್ರು, 1972ರಿಂದ 77ರ ತನಕ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ರು. ಅಷ್ಟೆಲ್ಲಾ ಆದ್ರೂ ಇದ್ದಿದ್ದು ಕಾಲೇಜು ಹಾಸ್ಟೆಲಿನ ರೂಮಲ್ಲೇ. ನಮ್ಮೂರಲ್ಲಿ, ಬಾಗೇಪಲ್ಲೀಲಿ ಕಾಲೇಜು ಬಂದಿದ್ದು ಅವರಿಂದ. ನಮ್ಮ ಕಡೆ ಹೆಣ್ಣುಮಕ್ಕಳು ಡಿಗ್ರಿ ಮಾಡಿದ್ರೆ ಅದ್ರಲ್ಲಿ ಅವರ ಋಣ ಇದೆ, ನಮ್ಮಕ್ಕನೂ ಅದೇ ಕಾಲೇಜಲ್ಲಿ ಓದಿದ್ದು.

ಇದನ್ನ ಯಾಕ್ ಹೇಳ್ದೆ ಅಂದ್ರೆ, ಅವರು ಇಡೀ ಜೀವನ ಹುಡುಗ್ರಿಗೆ ಕಲಿಸಿದ್ದು ಪ್ರಶ್ನೆ ಕೇಳೋದು. ನಂಗನ್ಸುತ್ತೆ ಕಾಲೇಜಲ್ಲಿ ಮೊದಲ್ನೇ ಲೀಡರ್‌ಶಿಪ್ ಅದೇ. ಅರವತ್ತು ಜನ ಅರ್ಥ ಆಗ್ದೇ ತಲೆ ಆಡಿಸ್ತಿರೋವಾಗ ಒಬ್ರು ಕೈ ಎತ್ತಿ ಸಾರ್ ಎರಡನೇ ಸ್ಟೆಪ್ಪು ಅರ್ಥ ಆಗ್ಲಿಲ್ಲ ಅನ್ನೋದು. ಅವನಿಗೂ ಉಪಯೋಗ, ಉಳಿದ ಐವತ್ತೊಂಬತ್ತಕ್ಕೂ ಉಪಯೋಗ. ಸಿ.ಆರ್. ಮೇಡಂ, ನೀವು ಬೇರೆಯೋರಿಗೋಸ್ಕರ ಎಚ್‌ಒಡಿ ರೂಮಿಗೆ ಹೋಗ್ತೀರಲ್ಲ, ನಿಮಗೋಸ್ಕರ ಮ್ಯಾಥ್ಸ್ ಕ್ಲಾಸಲ್ಲಿ ಕೈ ಎತ್ತಿದೀರಾ ಯಾವತ್ತಾದ್ರೂ?

ಕೊರಟಗೆರೆ ಬಸ್ಸು

ಇದನ್ನ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಇಲ್ಲ. ಎತ್ತಿಲ್ಲ. ಸಿ.ಆರ್. ಆಗಿ ನಂಗೇ ಗೊತ್ತಿಲ್ಲ ಅಂದ್ರೆ ಹೆಂಗೆ ಅಂತ ಒಳಗೊಳಗೇ ನಾಚಿಕೆ. ಫೋರಿಯರ್ ಸೀರೀಸ್ ಶುರುವಾದಾಗಿಂದ ನಂಗೆ ಕೈ ತಪ್ಪಿತ್ತು, ಅವತ್ತು ಕ್ಲಾಸ್ ಮಧ್ಯೆ ಆಫೀಸಿಂದ ಕರೆ ಬಂದು ಎದ್ದು ಹೋಗಿದ್ದೆ, ವಾಪಸ್ ಬರೋ ಹೊತ್ತಿಗೆ ಬೋರ್ಡ್ ತುಂಬಿತ್ತು. ಆಮೇಲೆ ಯಾರನ್ನೂ ಕೇಳ್ಲಿಲ್ಲ.

ಹಳೇ ಮೇಷ್ಟ್ರು

ಕ್ಲಾಸ್ ಮಧ್ಯೆ ನಿನ್ನನ್ನ ಎಬ್ಬಿಸಿ ಕಳಿಸಿದ್ದು ದೊಡ್ಡೋರ ತಪ್ಪು, ನಿಂದಲ್ಲ. ಇನ್ಮೇಲೆ ಕರೆದ್ರೆ ಕ್ಲಾಸ್ ಮುಗಿಸಿ ಬರ್ತೀನಿ ಅಂತ ಹೇಳಿ ಕಳ್ಸು. ವಿನಯವಾಗಿ ಹೇಳಿದ್ರೆ ಯಾರೂ ನುಂಗಲ್ಲ.

ಕೊರಟಗೆರೆ ಬಸ್ಸು

ಮೂರು ವಾರ ಆಯ್ತು, ಏನಾಯ್ತು ಅಂತ ಸುಮಾರು ಜನ ಕೇಳಿದ್ರಿ, ಹೇಳ್ತೀನಿ.

ಮೊದಲು ಅಪ್ಪನ ಹತ್ರ ಕೂತು ಮಾತಾಡ್ದೆ. ಮಧುಗಿರಿ ಅಪ್ಪ ಅವರಿಗೆ ಥ್ಯಾಂಕ್ಸ್. ಬಸ್ ಅರ್ಜಿ ಕಾಪಿ ತೋರ್ಸಿದೆ, ಅಪ್ಪ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು, ಎರಡು ಕಡೆ ಕಾಗುಣಿತ ತಪ್ಪಿತ್ತು ತೋರ್ಸಿದ್ರು. ಬೇಲಿ ಮಾತು ಮತ್ತೆ ಎತ್ಲಿಲ್ಲ.

ಕ್ಲಾಸಲ್ಲಿ ಎದ್ದು ನಿಂತು ಹೇಳ್ದೆ, ನಂಗೆ ಮ್ಯಾಥ್ಸ್ ಹೋಗಿದೆ, ಈ ತರ ಒಬ್ಳೇ ಮಾಡಕ್ಕಾಗಲ್ಲ ಅಂತ. ನಂಗೆ ಹೋಗಿರೋ ವಿಷ್ಯ ಅರ್ಧ ಜನಕ್ಕೆ ಗೊತ್ತೇ ಇರ್ಲಿಲ್ಲ. ಮೊದಲು ಯಾರೂ ಮಾತಾಡ್ಲಿಲ್ಲ, ಫಸ್ಟ್ ಇಯರ್ ತರಾನೇ ತಲೆ ಬಗ್ಗಿಸ್ಕೊಂಡ್ರು. ಈ ಸಲ ನಾನು ಸುಮ್ನೆ ನಿಂತೆ, ನಾನೇ ಮಾಡ್ತೀನಿ ಅನ್ನೋ ಮಾತು ಬಾಯಿ ತುದಿಗೆ ಬಂದಿತ್ತು, ತಡ್ಕೊಂಡೆ. ಕೊನೇ ಬೆಂಚಿಂದ ಒಬ್ಬ ಹುಡುಗ ಎಸ್‌ಎಸ್‌ಪಿ ಎಲ್ಲಾ ನಾನ್ ನೋಡ್ಕೋತೀನಿ, ನಮ್ ಮಾವಂದು ಸೈಬರ್ ಸೆಂಟರ್ ಇದೆ ನಂಗೆ ಗೊತ್ತು ಅಂದ. ಎರಡು ವರ್ಷದಿಂದ ಅವನಿಗೆ ಗೊತ್ತಿತ್ತು, ನಾನು ಕೇಳೇ ಇರ್ಲಿಲ್ಲ! ಲ್ಯಾಬ್ ರೆಕಾರ್ಡು ಬ್ಯಾಚಿಗೊಬ್ರು. ವಾಟ್ಸಾಪಲ್ಲಿ ಟೈಮ್‌ಟೇಬಲ್ಲು ಹಾಕಕ್ಕೆ ಇಬ್ರು, ರಾತ್ರಿ ಒಂಬತ್ತಕ್ಕೆ ಒಂದೇ ಮೆಸೇಜು. ಮೊದಲ ವಾರ ಎಡವಟ್ಟಾಯ್ತು, ಒಂದು ಬ್ಯಾಚಿನ ರೆಕಾರ್ಡು ಬಂದೇ ಇರ್ಲಿಲ್ಲ, ಮೇಡಂ ನಂಗೇ ಬೈದ್ರು. ನಾನ್ ಹೋಗಿ ತರಕ್ಕೆ ಎದ್ದೋಳು ಕೂತ್ಕೊಂಡೆ. ಅವರೇ ಮಾರನೇ ದಿನ ತಂದು ಸಾರಿ ಹೇಳಿ ಕೊಟ್ರು.

ಮುಂದಿನ ಸೆಮ್ಮಿಗೆ ಸಿ.ಆರ್. ಬೇರೆಯೋರು ಅಂತ ಮೇಡಂ ಹತ್ರ ಮಾತಾಡಿದೀನಿ, ಇಬ್ರು ಮುಂದೆ ಬಂದಿದಾರೆ. ಬಸ್ಸು ಇನ್ನೂ ಬಂದಿಲ್ಲ, ಅರ್ಜಿ ತಗೊಂಡಿದಾರೆ, ಅದನ್ನ ಮಾತ್ರ ನಾನು ಬಿಡಲ್ಲ.

ಮ್ಯಾಥ್ಸ್ ಕ್ಲಾಸಲ್ಲಿ ಕೈ ಎತ್ತಿದೆ ಮೊನ್ನೆ. ಗೌರಿಬಿದನೂರು ಅವರೇ, ನೀವು ಹೇಳಿದ್ದು ಹಂಗೇ ಆಯ್ತು, ನಾನು ಕೇಳಿದ್ಮೇಲೆ ಇನ್ನೂ ನಾಲ್ಕು ಜನ ಹೌದು ಸಾರ್ ನಮಗೂ ಅಂದ್ರು.

ಪಾವಗಡ ಬಿಸಿಲು

ಫೋರಿಯರ್ ಸೀರೀಸ್ ನಾನು ಹೇಳ್ಕೊಡ್ತೀನಿ, ನಂದು ಎಂ.ಎಸ್ಸಿ ಮ್ಯಾಥ್ಸೇ. ಶನಿವಾರ ಮಧ್ಯಾಹ್ನ ನಿಮ್ ಗ್ರೂಪಿನೋರು ಎಷ್ಟು ಜನ ಬರ್ತೀರಾ ಹೇಳಿ, ದುಡ್ಡು ಗಿಡ್ಡು ಏನೂ ಬೇಡ. ಹಳೇ ಕ್ವೆಶ್ಚನ್ ಪೇಪರ್ ಐದು ವರ್ಷದ್ದು ಪ್ರಿಂಟ್ ತಗೊಂಡ್ ಬನ್ನಿ, ಈವನ್ ಫಂಕ್ಷನ್ ಆಡ್ ಫಂಕ್ಷನಿಂದ ಶುರು ಮಾಡೋಣ, ಅದು ಗಟ್ಟಿ ಆದ್ರೆ ಅರ್ಧ ಲೆಕ್ಕ ಅಲ್ಲೇ ಮುಗಿಯುತ್ತೆ.

ಕೊರಟಗೆರೆ ಬಸ್ಸು

ಹನ್ನೊಂದು ಜನ ಬರ್ತೀವಿ ಅಣ್ಣ. ಪ್ರಿಂಟು ಬೇರೆ ಹುಡುಗಿ ತೆಗೆಸ್ತಾಳೆ.